ಮೆಣಸಿನ ಗಿಡಕ್ಕೆ ಮೂರು ಕೋಣೆಯ ಚಪ್ಪರ

ಹಳೇ ಚಪ್ಪರದಲ್ಲಿ ಕರಿಮೆಣಸಿನ ಬಳ್ಳಿಯ ತುಂಡುಗಳಿಗೆ ಬೇರು ಬರುವುದಕ್ಕೆ ಏನೂ ತೊಂದರೆ ಇರಲಿಲ್ಲ. ತೊಂದರೆ ಶುರುವಾಗುತ್ತಿದ್ದದ್ದು ಗಿಡ ಹೊರಗೆ ಬಂದ ಮೇಲೆ. ಬೆಳಿಗ್ಗೆ ಹೊರಗಿಟ್ಟ ಚೀಲದ ಗಿಡ ಮಧ್ಯಾಹ್ನ ಎರಡು ಗಂಟೆಗೆ ಎಲೆ ಜೋತು ಬಿಡುತ್ತಿತ್ತು. ಮರುದಿನ ಎಲೆಯ ಅಂಚು ಕಂದು, ಆಮೇಲೆ ಕೆಲವೇ ದಿನಕ್ಕೆ ಬರೀ ಕಡ್ಡಿ. ಚೀಲ ಸೀಳಿ ನೋಡಿದರೆ ಮಣ್ಣು ಹಸಿಯಾಗೇ ಇದೆ, ಬೇರು ಬೆಳ್ಳಗೆ ಚೆನ್ನಾಗಿದೆ. ಅಂದರೆ ಮಣ್ಣಲ್ಲಿ ನೀರಿಲ್ಲದೆ ಸತ್ತದ್ದಲ್ಲ. ಬೇರು ಮೇಲಕ್ಕೆ ಕಳಿಸುವುದಕ್ಕಿಂತ ಬೇಗ ಎಲೆ ನೀರು ಕಳೆದುಕೊಳ್ಳುತ್ತಿತ್ತು.

ನಮ್ಮದು ಕೊಡಗಿನ ಚೆಟ್ಟಳ್ಳಿ ಕಡೆ ಸಣ್ಣ ತೋಟ. ರೊಬಸ್ಟಾ ಕಾಫಿ, ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಕರಿಮೆಣಸು. ಸೊರಗು ರೋಗಕ್ಕೆ ಹೋದ ಬಳ್ಳಿಗಳ ಜಾಗಕ್ಕೆ ವರ್ಷ ವರ್ಷ ಹೊಸ ಗಿಡ ಬೇಕು, ಅದನ್ನು ನಾವೇ ಮಾಡಿಕೊಳ್ಳುತ್ತೇವೆ. ಈ ಬೇಸಿಗೆಯಲ್ಲಿ ಹಳೇ ಚಪ್ಪರ ಪೂರ್ತಿ ಬಿಚ್ಚಿ, ಒಂದೇ ಕೋಣೆಯ ಬದಲು ಮೂರು ಕೋಣೆ ಮಾಡಿ ಕಟ್ಟಿದೆವು. ಹೇಗೆ ಕಟ್ಟಿದೆವು, ಯಾಕೆ ಹಾಗೆ ಕಟ್ಟಿದೆವು, ಒಳಗೆ ಕೆಲಸ ಮಾಡುವವರಿಗೆ ಏನಾಯ್ತು, ಎಲ್ಲ ಬರೆಯುತ್ತಿದ್ದೇನೆ.

ಒಂದು ಕೋಣೆ ಯಾಕೆ ಸಾಲದು

ಮೆಣಸಿನ ಹಬ್ಬು ಬಳ್ಳಿಯನ್ನು ಕತ್ತರಿಸಿ ನೆಡುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಎರಡು ಮೂರು ಗೆಣ್ಣಿನ ತುಂಡು. ಪಕ್ಕದ ರೆಂಬೆಯಿಂದ ತೆಗೆದರೆ ಅದು ಮರ ಹತ್ತುವುದಿಲ್ಲ, ಪೊದೆ ಮೆಣಸಾಗುತ್ತದೆ. ಹಾಗಾಗಿ ಬುಡದಿಂದ ಹರಿಯುವ ಬಳ್ಳಿಯೇ ಬೇಕು. ಆದರೆ ಆ ಎರಡು ತಿಂಗಳು ಕೊಡಗಿನಲ್ಲಿ ಗಾಳಿ ವರ್ಷದಲ್ಲೇ ಅತಿ ಒಣ. ಬೇರಿಲ್ಲದ ತುಂಡು ಅಂಥ ಗಾಳಿಯಲ್ಲಿ ಉಳಿಯಲ್ಲ. ಅದಕ್ಕೇ ಎಲ್ಲರೂ ಪಾಲಿಥಿನ್ ಹೊದಿಸಿ, ಒಳಗೆ ಮಂಜಿನಂತೆ ನೀರು ಚಿಮುಕಿಸಿ, ತೇವಾಂಶವನ್ನು ನೂರರ ಹತ್ತಿರ ಇಟ್ಟು ಬೇರು ಬರಿಸುತ್ತಾರೆ.

ಸಮಸ್ಯೆ ಇರುವುದೂ ಅಲ್ಲೇ. ಗಾಳಿಯಲ್ಲಿ ಯಾವಾಗಲೂ ತೇವ ತುಂಬಿದ್ದರೆ ಎಲೆಗೆ ನೀರು ಉಳಿಸಿಕೊಳ್ಳುವ ಕೆಲಸವೇ ಬರುವುದಿಲ್ಲ. ಎಲೆ ಮೇಲಿನ ಮೇಣದ ಪದರ ತೆಳ್ಳಗೆ ಆಗುತ್ತದೆ. ಎಲೆ ಅಡಿಯಲ್ಲಿರುವ ಪತ್ರರಂಧ್ರಗಳು ಹಗಲೆಲ್ಲ ಬಾಯಿ ತೆರೆದೇ ಬೆಳೆದಿರುತ್ತವೆ. ಒಣಗಾಳಿ ತಾಕಿದಾಗ ಅವು ಬೇಗ ಮುಚ್ಚುವುದಿಲ್ಲ, ಮುಚ್ಚಿದರೂ ಪೂರ್ತಿ ಮುಚ್ಚುವುದಿಲ್ಲ. ಬೇರು ಕೂಡ ಹೊಸದು, ಕವಲು ಕಡಿಮೆ. ಇಂಥ ಗಿಡವನ್ನು ಒಂದೇ ದಿನ ತೆಗೆದು ಏಪ್ರಿಲ್ ಬಿಸಿಲಿಗೆ ಇಟ್ಟರೆ ಅದು ಬಾಡದೆ ಇನ್ನೇನು ಮಾಡೀತು?

ಬೆಳಕಿನದು ಇನ್ನೊಂದು ಲೆಕ್ಕ. ನೆರಳಲ್ಲಿ ಬಿಚ್ಚಿಕೊಂಡ ಎಲೆ ಅಗಲ, ತೆಳು, ಕಡು ಹಸಿರು. ಸಿಕ್ಕಷ್ಟು ಬೆಳಕನ್ನು ಬಾಚಿಕೊಳ್ಳುವುದಕ್ಕೆ ಅದು ಸರಿಯಾಗಿದೆ. ಅದರ ಮೇಲೆ ಪೂರ್ತಿ ಬಿಸಿಲು ಬಿದ್ದರೆ ಬಳಸಲಾಗದಷ್ಟು ಬೆಳಕು ಒಳಗೆ ಬರುತ್ತದೆ. ಹೆಚ್ಚಾದದ್ದನ್ನು ಶಾಖವಾಗಿ ಹೊರಹಾಕುವ ವ್ಯವಸ್ಥೆ ಎಲೆಯೊಳಗೆ ಇದೆ, ಅದು ನಿಧಾನವಾಗಿ ಹೆಚ್ಚುವಂಥದ್ದು, ಕೆಲವು ದಿನ ಕೊಡಬೇಕು. ಕೊಡದೆ ಹೋದರೆ ಎಲೆ ಬಿಳಚಿಕೊಂಡು ಸುಟ್ಟ ಕಲೆ ಬೀಳುತ್ತದೆ.

ಮರದ ಕೆಳಗೆ ಸುಮ್ನೆ ಇಟ್ಟರೆ ಆಗಲ್ವಾ ಅಂತ ನೆಂಟರೊಬ್ಬರು ಕೇಳಿದರು. ಒಂದು ಮಟ್ಟಿಗೆ ಆಗುತ್ತದೆ. ಆದರೆ ಮರದೆಲೆಗಳು ಕೆಂಪು ಬೆಳಕನ್ನು ಹೀರಿಕೊಂಡು ಅದರಾಚೆಯ ಕಡುಗೆಂಪನ್ನು ಕೆಳಗೆ ಬಿಡುತ್ತವೆ. ಗಿಡಕ್ಕೆ ಅದು ಗೊತ್ತಾಗುತ್ತದೆ. ಮೇಲೆ ಬೇರೆ ಗಿಡ ಇದೆ, ಬೇಗ ಎತ್ತರ ಹೋಗಬೇಕು ಅಂತ ಗೆಣ್ಣು ಗೆಣ್ಣಿನ ನಡುವೆ ಉದ್ದ ಎಳೆದುಕೊಳ್ಳುತ್ತದೆ. ನೆರಳಿಗೆ ಕಟ್ಟುವ ಕಪ್ಪು ಬಲೆ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ತಡೆಯುತ್ತದೆ. ಅದರಡಿ ಬೆಳೆದ ಗಿಡ ಗಿಡ್ಡವಾಗಿ, ಗಟ್ಟಿಯಾಗಿ ಬರುತ್ತದೆ.

ಕಟ್ಟಿದ್ದು

ಒಟ್ಟು 30 ಅಡಿ ಉದ್ದ, 10 ಅಡಿ ಅಗಲ. ಮುಕ್ಕಾಲು ಇಂಚಿನ ಜಿಐ ಪೈಪ್ ಬಗ್ಗಿಸಿ ಕಮಾನು, ನಡುವೆ ಏಳೂವರೆ ಅಡಿ ಎತ್ತರ. ಹಳೇದರಲ್ಲಿ ಬಿದಿರು ಇತ್ತು, ಗೆದ್ದಲು ಹಿಡಿದು ಬುಡ ಪುಡಿಯಾಗಿತ್ತು. ಅದರಲ್ಲಿ ಗಟ್ಟಿ ಇದ್ದದ್ದನ್ನು ಕೋಣೆಗಳ ನಡುವಿನ ಅಡ್ಡಪಟ್ಟಿಗೆ ಬಳಸಿಕೊಂಡೆವು. ನೆಲಕ್ಕೆ ಮೂರು ಇಂಚು ಜಲ್ಲಿ. ನೀರು ನಿಂತರೆ ಕೊಳೆರೋಗ ಬರುವುದು ಖಂಡಿತ, ಮೆಣಸಿನ ವಿಷಯದಲ್ಲಿ ಇದಕ್ಕೆ ರಾಜಿಯೇ ಇಲ್ಲ. ಸೊರಗು ರೋಗದ ಫೈಟೋಫ್ತೊರಾ ನೀರಲ್ಲೇ ಈಜಿಕೊಂಡು ಹರಡುವ ಜೀವಿ. ಚೀಲಗಳು ನೆಲಕ್ಕೆ ತಾಕದಂತೆ ಒಂದಡಿ ಎತ್ತರದ ಅಟ್ಟ ಮಾಡಿದೆವು.

ಮೊದಲ ಕೋಣೆ 8 ಅಡಿ. ನಾಲ್ಕೂ ಕಡೆ ಪಾಲಿಥಿನ್, ಮೇಲೆ 75 ಪರ್ಸೆಂಟ್ ಬೆಳಕು ತಡೆಯುವ ಬಲೆ, ಒಳಗೆ ಮಂಜಿನಂತೆ ನೀರು ಚಿಮುಕಿಸುವ ಫಾಗರ್. ಎರಡನೆಯದು 10 ಅಡಿ. ಮೇಲೆ ಅದೇ 75ರ ಬಲೆ, ಫಾಗರ್ ಇಲ್ಲ, ಪಕ್ಕದ ಪಾಲಿಥಿನ್ ಸುರುಳಿ ಸುತ್ತಿ ಮೇಲೆ ಎತ್ತಬಹುದು. ಮೂರನೆಯದು 12 ಅಡಿ. ಪಾಲಿಥಿನ್ನೇ ಇಲ್ಲ, ಮೇಲೆ ಬರೀ 50ರ ಬಲೆ, ಕೊನೆಗೆ ಅದನ್ನೂ ತೆಗೆದು 35ರದ್ದು ಹಾಕುತ್ತೇವೆ. ಎರಡನೇ ಕೋಣೆಗೆ ಬಂದ ಗಿಡಕ್ಕೆ ಬೆಳಕು ಹಳೆಯಷ್ಟೇ, ತೇವ ಮಾತ್ರ ಕಡಿಮೆ. ಮೂರನೆಯದಕ್ಕೆ ಬಂದಾಗ ಬೆಳಕು ಜಾಸ್ತಿ. ಎರಡು ಕಷ್ಟವನ್ನು ಒಟ್ಟಿಗೆ ಕೊಡಬಾರದು ಅನ್ನುವುದೇ ಇಡೀ ಕಟ್ಟಡದ ಲೆಕ್ಕ. ನನ್ನನ್ನು ಕೇಳಿದರೆ ಪೈಪ್, ಬಲೆ, ಪಂಪ್ ಎಲ್ಲಕ್ಕಿಂತ ಮುಖ್ಯವಾದದ್ದು ಇದೊಂದೇ.

ಬಲೆಯನ್ನು ಪಾಲಿಥಿನ್ ಒಳಗೆ ಕಟ್ಟಬೇಡಿ. ಹೊರಗೆ, ಪಾಲಿಥಿನ್‌ನಿಂದ ಒಂದಡಿ ಮೇಲೆ ಕಟ್ಟಿ. ಕಪ್ಪು ಬಲೆ ಬಿಸಿಲು ಹೀರಿ ಕಾಯುತ್ತದೆ. ಒಳಗಿದ್ದರೆ ಆ ಶಾಖ ಒಳಗೇ ಉಳಿಯುತ್ತದೆ, ಹೊರಗಿದ್ದರೆ ಗಾಳಿ ಹೊತ್ತುಕೊಂಡು ಹೋಗುತ್ತದೆ.

ದಿಕ್ಕಿನ ಬಗ್ಗೆಯೂ ಯೋಚನೆ ಮಾಡಬೇಕು. ನಮ್ಮ ಊರು ಹತ್ತಿರ ಹತ್ತಿರ 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 23ರ ಆಸುಪಾಸು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಪಕ್ಕದಲ್ಲಿ ಎಷ್ಟು ದೊಡ್ಡ ಮರ ಇದ್ದರೂ ಆ ಹೊತ್ತಿನಲ್ಲಿ ಉಪಯೋಗವಿಲ್ಲ, ಮೇಲಿನ ಬಲೆಯೇ ಗತಿ. ಆದರೆ ಗಾಳಿ ಅತಿ ಬಿಸಿಯಾಗಿ, ಅತಿ ಒಣಗಿ ಇರುವುದು ಮಧ್ಯಾಹ್ನ ಎರಡು ಮೂರು ಗಂಟೆಗೆ. ಆಗ ಸೂರ್ಯ ಪಶ್ಚಿಮಕ್ಕೆ ವಾಲಿರುತ್ತಾನೆ. ಹಾಗಾಗಿ ಬಲೆ ಕಡಿಮೆ ಇರುವ ಮೂರನೇ ಕೋಣೆಯನ್ನು ಪೂರ್ವದ ತುದಿಗೆ ಇಟ್ಟೆವು. ಬೆಳಗಿನ ಬಿಸಿಲು ಅದಕ್ಕೆ, ಸಂಜೆಯ ಬಿಸಿಲನ್ನು ಮೊದಲ ಕೋಣೆಯ ಹಿಂದಿನ ಹಲಸಿನ ಮರ ತಡೆಯುತ್ತದೆ.

ಒಣ ಥರ್ಮಾಮೀಟರ್, ಒದ್ದೆ ಥರ್ಮಾಮೀಟರ್

ಅಂಗಡಿಯಲ್ಲಿ ಸಿಗುವ ಚಿಕ್ಕ ಡಿಜಿಟಲ್ ತೇವಾಂಶ ಮೀಟರ್‌ಗಳು ತೊಂಬತ್ತರ ಮೇಲೆ ಹೋದಾಗ ನಂಬುವುದು ಕಷ್ಟ. ಫಾಗರ್ ಕೆಳಗೆ ಒಂದು ಸಲ ಒದ್ದೆಯಾದರೆ ಬಹಳ ಹೊತ್ತು ನೂರನ್ನೇ ತೋರಿಸುತ್ತವೆ. ಹಾಗಾಗಿ ಹಳೇ ದಾರಿಯನ್ನೇ ಹಿಡಿದೆ. ಒಂದೇ ಥರದ ಎರಡು ಥರ್ಮಾಮೀಟರ್. ಒಂದರ ಬುಡಕ್ಕೆ ಕುದಿಸಿ ತೊಳೆದ ಹತ್ತಿಯ ಬತ್ತಿ, ಅದರ ತುದಿ ಶುದ್ಧ ನೀರಿನ ಶೀಶೆಯಲ್ಲಿ. ಗಾಳಿ ಒಣಗಿದ್ದಷ್ಟೂ ಬತ್ತಿ ಬೇಗ ಆರಿ ಈ ಥರ್ಮಾಮೀಟರ್ ಹೆಚ್ಚು ಕೆಳಗೆ ಇಳಿಯುತ್ತದೆ. ಎರಡನ್ನೂ ಪಿವಿಸಿ ಪೈಪಿನೊಳಗೆ ಕೂರಿಸಿ, ತುದಿಗೆ ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್. ಗಾಳಿ ಸೆಕೆಂಡಿಗೆ ಮೂರು ಮೀಟರಿನಷ್ಟಾದರೂ ಹರಿಯಬೇಕು. ಕಡಿಮೆಯಾದರೆ ಒದ್ದೆ ಬತ್ತಿ ಸರಿಯಾಗಿ ತಣ್ಣಗಾಗುವುದಿಲ್ಲ, ಲೆಕ್ಕ ತಪ್ಪುತ್ತದೆ. ಪೈಪಿನ ಹೊರಗೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಸುತ್ತಿದರೆ ಬಿಸಿಲಿನ ಕಾಟ ಇಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನದ ಓದು ನೋಡಿ. ಹೊರಗೆ ಒಣ 32 ಡಿಗ್ರಿ, ಒದ್ದೆ 22. ಮೊದಲ ಕೋಣೆಯಲ್ಲಿ ಒಣ 29, ಒದ್ದೆ 28. ಲೆಕ್ಕ ಹಾಕಿದರೆ ಹೊರಗೆ ತೇವಾಂಶ ಸುಮಾರು 43 ಪರ್ಸೆಂಟ್, ಒಳಗೆ 93. ಪುಸ್ತಕದ ಪಟ್ಟಿಗಳು ಸಾಮಾನ್ಯವಾಗಿ ಸಮುದ್ರಮಟ್ಟದ ಗಾಳಿಯ ಒತ್ತಡಕ್ಕೆ ಮಾಡಿದ್ದು. ಸುಮಾರು 1,000 ಮೀಟರ್ ಎತ್ತರದಲ್ಲಿ ಒತ್ತಡ 90 ಕಿಲೋಪಾಸ್ಕಲ್ ಹತ್ತಿರ ಇರುತ್ತದೆ, ಹಾಗಾಗಿ ಒಣಗಾಳಿಯಲ್ಲಿ ಒಂದೆರಡು ಪರ್ಸೆಂಟ್ ವ್ಯತ್ಯಾಸ ಬರುತ್ತದೆ. ನಮ್ಮ ಕೆಲಸಕ್ಕೆ ಅದು ದೊಡ್ಡದಲ್ಲ.

ಆದರೆ ಪರ್ಸೆಂಟ್ ನೋಡಿ ಗಿಡದ ಕಷ್ಟ ಅಳೆಯಲು ಆಗಲ್ಲ. 60 ಪರ್ಸೆಂಟ್ ತೇವಾಂಶ 20 ಡಿಗ್ರಿಯಲ್ಲಿ ಇದ್ದರೆ ಒಂದು ಥರ, 30 ಡಿಗ್ರಿಯಲ್ಲಿ ಇದ್ದರೆ ಇನ್ನೊಂದು ಥರ. ಬಿಸಿ ಗಾಳಿ ಹಿಡಿದುಕೊಳ್ಳಬಲ್ಲ ಆವಿ ಬಹಳ ಜಾಸ್ತಿ. ಹಿಡಿಯಬಲ್ಲದ್ದಕ್ಕೂ ಈಗ ಇರುವುದಕ್ಕೂ ನಡುವಿನ ಕೊರತೆಯೇ ಎಲೆಯಿಂದ ನೀರನ್ನು ಎಳೆಯುವುದು. 20 ಡಿಗ್ರಿಯಲ್ಲಿ 60 ಪರ್ಸೆಂಟ್ ಅಂದರೆ ಆ ಕೊರತೆ 0.9 ಕಿಲೋಪಾಸ್ಕಲ್. 30 ಡಿಗ್ರಿಯಲ್ಲಿ ಅದೇ 60 ಪರ್ಸೆಂಟ್ ಅಂದರೆ 1.7. ಮೇಲಿನ ಓದಿಗೆ ಹಾಕಿದರೆ ಕೋಣೆಯೊಳಗೆ 0.3, ಹೊರಗೆ 2.7. ಒಂಬತ್ತು ಪಟ್ಟು! ಹಳೇ ಚಪ್ಪರದ ಗಿಡ ಬಾಗಿಲು ದಾಟಿದ ಕೂಡಲೇ ಎದುರಿಸುತ್ತಿದ್ದದ್ದು ಇದನ್ನು. ಈಗ ಎರಡನೇ ಕೋಣೆಯಲ್ಲಿ ಪಕ್ಕದ ಪಾಲಿಥಿನ್ ಎಷ್ಟು ಎತ್ತಬೇಕು ಅನ್ನುವುದನ್ನು ಈ ಒಂದು ಅಂಕಿ ನೋಡಿಯೇ ತೀರ್ಮಾನ ಮಾಡುತ್ತೇವೆ. ಮೊದಲು 0.6ರ ಹತ್ತಿರ ನಿಲ್ಲಿಸಿ, ಆಮೇಲೆ ಒಂದಕ್ಕೆ, ಆಮೇಲೆ ಒಂದೂವರೆಗೆ.

ಕಾರ್ಬನ್ ಕಡ್ಡಿಯ ಎಲೆ

ಫಾಗರ್ ಯಾವಾಗ ಓಡಬೇಕು? ಟೈಮರ್ ಹಾಕಿದರೆ ಮೋಡದ ದಿನವೂ ಅಷ್ಟೇ ನೀರು, ಸುಡುವ ದಿನವೂ ಅಷ್ಟೇ ನೀರು. ಮೋಡದ ದಿನ ತುಂಡುಗಳು ಕೊಳೆಯುತ್ತವೆ. ಇದಕ್ಕೆ ನರ್ಸರಿಯವರು ಬಹಳ ಕಾಲದಿಂದ ಬಳಸುವ ಒಂದು ಉಪಾಯ ಇದೆ, ಎಲೆಕ್ಟ್ರಾನಿಕ್ ಎಲೆ. ಅದನ್ನೇ ಮನೆಯಲ್ಲಿ ಮಾಡಿದೆ.

ಬೆರಳಗಲದ ಪ್ಲಾಸ್ಟಿಕ್ ತುಂಡಿನಲ್ಲಿ ಎರಡು ತೂತು, ಅರ್ಧ ಇಂಚು ಅಂತರ. ಹಳೇ ಬ್ಯಾಟರಿ ಸೆಲ್ಲಿನ ಎರಡು ಕಾರ್ಬನ್ ಕಡ್ಡಿಗಳನ್ನು ಸಮತಟ್ಟಾಗಿ ಉಜ್ಜಿ ಅದರಲ್ಲಿ ಕೂರಿಸಿ, ಸುತ್ತ ಎಪಾಕ್ಸಿ. ಇದನ್ನು ಗಿಡಗಳ ನಡುವೆ ಎಲೆಯ ಎತ್ತರದಲ್ಲೇ ಇಡಬೇಕು. ಮೇಲೆ ನೀರಿನ ಪೊರೆ ಇದ್ದರೆ ಎರಡು ಕಡ್ಡಿಗಳ ನಡುವೆ ಸ್ವಲ್ಪ ಕರೆಂಟ್ ಹರಿಯುತ್ತದೆ, ಪಂಪ್ ಆಫ್. ಪೊರೆ ಆರಿದರೆ ಕರೆಂಟ್ ನಿಲ್ಲುತ್ತದೆ, ಪಂಪ್ ಆನ್. ಬಿಸಿಲು ಜಾಸ್ತಿ ಇದ್ದರೆ ಬೇಗ ಆರುತ್ತದೆ, ಪಂಪ್ ಪದೇ ಪದೇ ಓಡುತ್ತದೆ. ಮೋಡ ಮುಸುಕಿದರೆ ಗಂಟೆಗಟ್ಟಲೆ ಸುಮ್ಮನಿರುತ್ತದೆ. ಹವಾಮಾನ ತಿಳಿಯಲು ಬೇರೆ ಯಾವ ಸೆನ್ಸರೂ ಬೇಡ.

ಕಡ್ಡಿಗಳಿಗೆ ಒಂದೇ ದಿಕ್ಕಿನ ಕರೆಂಟ್ ಕೊಟ್ಟರೆ ಉಪ್ಪು ಕಟ್ಟಿ ಹಾಳಾಗುತ್ತವೆ. ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡಿನ ಎರಡು ಪಿನ್‌ಗಳನ್ನು ಬದಲಾಯಿಸುತ್ತಾ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಓದುವಂತೆ ಮಾಡಿದ್ದೇನೆ. ಕತ್ತಲಾದರೆ ಪಂಪ್ ಬಂದ್, ಅದಕ್ಕೊಂದು ಬೆಳಕಿನ ಸೆನ್ಸರ್. ಪಂಪ್ ಓಡಿದರೂ ಕಡ್ಡಿ ಒದ್ದೆಯಾಗದಿದ್ದರೆ ಟ್ಯಾಂಕ್ ಖಾಲಿ ಅಥವಾ ಫಾಗರ್ ಕಟ್ಟಿದೆ ಅಂತ ಅರ್ಥ. ಆಗ ಪಂಪ್ ನಿಲ್ಲಿಸಿ ಬಜರ್ ಕೂಗುತ್ತದೆ.

ಪಂಪ್ ಹೊಸದಲ್ಲ. ಬ್ಯಾಟರಿ ಸ್ಪ್ರೇಯರಿನ ಟ್ಯಾಂಕ್ ಒಡೆದು ಮೂಲೆಗೆ ಬಿದ್ದಿತ್ತು, ಅದರ 12 ವೋಲ್ಟ್ ಪಂಪ್ ಚೆನ್ನಾಗಿತ್ತು. ನಾಲ್ಕು ಬಾಯಿಯ ಫಾಗರ್ ಒಂದಕ್ಕೆ ನಾಲ್ಕು ಬಾರ್ ಒತ್ತಡದಲ್ಲಿ ಗಂಟೆಗೆ ಸುಮಾರು 30 ಲೀಟರ್ ಬೇಕು. ನಾಲ್ಕು ಫಾಗರ್‌ಗೆ ನಿಮಿಷಕ್ಕೆ 2 ಲೀಟರ್, ಈ ಪಂಪ್ ಆರಾಮಾಗಿ ಕೊಡುತ್ತದೆ. ನಮ್ಮ ಕಡೆ ಗಾಳಿ ಮಳೆ ಬಂದರೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ ಅಲ್ವಾ, ಹಾಗಾಗಿ ಎಲ್ಲವೂ ಬ್ಯಾಟರಿ ಮೇಲೆ, ಕರೆಂಟ್ ಇದ್ದಾಗ ಚಾರ್ಜ್. ಕೆರೆ ನೀರಿಗೆ 120 ಮೆಶ್‌ನ ಡಿಸ್ಕ್ ಫಿಲ್ಟರ್ ಬೇಕೇ ಬೇಕು. ಕಡ್ಡಿಗಳ ಮೇಲೆ ಕೂರುವ ಕೆಸರನ್ನು ವಾರಕ್ಕೊಮ್ಮೆ ಹಳೇ ಟೂತ್ ಬ್ರಷ್‌ನಿಂದ ಉಜ್ಜಬೇಕು.

ಗಿಡ ಸಿದ್ಧವಾಯ್ತಾ ಅಂತ ನೋಡುವುದು

ಇಷ್ಟು ದಿನ ಇಡಿ, ಆಮೇಲೆ ಮುಂದಿನ ಕೋಣೆಗೆ ಹಾಕಿ ಅಂತ ಕ್ಯಾಲೆಂಡರ್ ನೋಡಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಎಲೆ ಒಂದು ಸಲ ಪೂರ್ತಿ ಬಿಚ್ಚಿಕೊಂಡ ಮೇಲೆ ಅದರ ದಪ್ಪ, ಒಳಗಿನ ಪದರಗಳು, ರಂಧ್ರಗಳ ಸಂಖ್ಯೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಹಳೇ ಎಲೆ ಅಲ್ಪಸ್ವಲ್ಪ ಹೊಂದಿಕೊಳ್ಳುತ್ತದೆ, ಮೇಣ ಸ್ವಲ್ಪ ಜಾಸ್ತಿಯಾಗುತ್ತದೆ, ರಂಧ್ರಗಳು ಮುಚ್ಚುವುದನ್ನು ಸ್ವಲ್ಪ ಕಲಿಯುತ್ತವೆ. ನಿಜವಾದ ಬದಲಾವಣೆ ಬರುವುದು ಹೊಸ ಎಲೆಯಲ್ಲಿ. ಎರಡನೇ ಕೋಣೆಯ ಗಾಳಿಯಲ್ಲಿ ಚಿಗುರಿ ಅಲ್ಲೇ ಬಿಚ್ಚಿಕೊಂಡ ಎಲೆ ಆ ಗಾಳಿಗೇ ತಯಾರಾದ ಎಲೆ. ಹಾಗಾಗಿ ನಮ್ಮ ನಿಯಮ ಸರಳ. ಒಂದು ಕೋಣೆಯಲ್ಲಿ ಎರಡು ಹೊಸ ಎಲೆ ಬಂದು ಗಟ್ಟಿಯಾಗುವ ತನಕ ಗಿಡ ಅಲ್ಲೇ.

ಇದು ನಿಜವಾ ಅಂತ ನೋಡಲು ಎಲೆ ತೂಗಿದೆ. ಯಾರು ಬೇಕಾದರೂ ಮಾಡಬಹುದು. ಬೆಳಿಗ್ಗೆ ಒಂದೊಂದು ಕೋಣೆಯಿಂದ ಒಂದೊಂದು ಎಲೆ ಕಿತ್ತು, ತೊಟ್ಟಿನ ತುದಿಗೆ ವ್ಯಾಸಲಿನ್ ಹಚ್ಚಿ, ನೆರಳಲ್ಲಿ ದಾರಕ್ಕೆ ನೇತುಹಾಕಬೇಕು. ಹತ್ತು ಹತ್ತು ನಿಮಿಷಕ್ಕೆ ಆಭರಣ ತೂಗುವ ಸಣ್ಣ ತಕ್ಕಡಿಯಲ್ಲಿ, ಅಂದರೆ 0.01 ಗ್ರಾಂ ತೋರಿಸುವಂಥದ್ದರಲ್ಲಿ, ತೂಗಿ ಬರೆದುಕೊಳ್ಳಬೇಕು. ಕಿತ್ತ ಎಲೆಗೆ ನೀರು ಬರುವ ದಾರಿ ಇಲ್ಲ, ಹೋಗುವುದು ಮಾತ್ರ. ಮೊದಲು ತೂಕ ಬೇಗ ಇಳಿಯುತ್ತದೆ, ಅದು ರಂಧ್ರಗಳು ತೆರೆದಿರುವ ಹೊತ್ತು. ಅವು ಮುಚ್ಚಿದ ಮೇಲೆ ಇಳಿಕೆ ನಿಧಾನವಾಗುತ್ತದೆ, ಆಗ ಸೋರುವುದು ಮುಖ್ಯವಾಗಿ ಮೇಣದ ಪದರದ ಮೂಲಕ. ಗ್ರಾಫ್ ಹಾಕಿದರೆ ಎರಡು ಇಳಿಜಾರು ಕಣ್ಣಿಗೆ ಕಾಣುತ್ತದೆ.

ಮೂರನೇ ಕೋಣೆಯಲ್ಲಿ ಬಿಚ್ಚಿದ ಎಲೆಯಲ್ಲಿ ಆ ತಿರುವು ಬೇಗ ಬಂತು, ಆಮೇಲಿನ ಗೆರೆ ಹತ್ತಿರ ಹತ್ತಿರ ಸಮತಟ್ಟು. ಮೊದಲ ಕೋಣೆಯ ಎಲೆಯಲ್ಲಿ ತಿರುವೇ ಸರಿಯಾಗಿ ಇರಲಿಲ್ಲ, ಇಳಿಯುತ್ತಲೇ ಹೋಯ್ತು. ಎರಡು ಗಂಟೆ ಬಿಟ್ಟು ಮುಟ್ಟಿದರೆ ಅದು ಬೆರಳಿಗೆ ಸುತ್ತಿಕೊಳ್ಳುವಷ್ಟು ಮೆತ್ತಗೆ, ಇನ್ನೊಂದು ಮಡಚಿದರೆ ಮುರಿಯುವಷ್ಟು ಗರಿಗರಿ. ಒಂದೇ ಬಳ್ಳಿಯಿಂದ ಕತ್ತರಿಸಿದ ತುಂಡುಗಳ ಎಲೆ ಇವು! ತಳಿ ಒಂದೇ, ಮಣ್ಣು ಒಂದೇ, ಬೆಳೆದ ಗಾಳಿ ಬೆಳಕು ಮಾತ್ರ ಬೇರೆ. ಇದನ್ನು ಕಣ್ಣಾರೆ ನೋಡಿದ ಮೇಲೆ ಗಿಡ ಕೊಳ್ಳುವಾಗ ತಳಿಯ ಹೆಸರಿನ ಜೊತೆಗೆ ಅದು ಎಂಥ ಚಪ್ಪರದಲ್ಲಿ ಬೆಳೆದದ್ದು ಅಂತಲೂ ಕೇಳಬೇಕು ಅನ್ನಿಸಿದೆ.

ರಂಧ್ರಗಳನ್ನೇ ನೋಡಬೇಕು ಅಂದರೆ ಎಲೆಯ ಅಡಿಗೆ ಬಣ್ಣವಿಲ್ಲದ ನೈಲ್ ಪಾಲಿಶ್ ತೆಳ್ಳಗೆ ಹಚ್ಚಿ, ಆರಿದ ಮೇಲೆ ಟೇಪ್ ಅಂಟಿಸಿ ಕಿತ್ತು, ಗಾಜಿನ ಮೇಲೆ ಇಟ್ಟು ಶಾಲೆಯ ಮೈಕ್ರೋಸ್ಕೋಪಿನಲ್ಲಿ ನೋಡಿ. ಮಗಳು ಇದನ್ನು ನನಗಿಂತ ಚೆನ್ನಾಗಿ ಮಾಡುತ್ತಾಳೆ.

ನೀರು ಹಾಕುವುದನ್ನೂ ಮೆಟ್ಟಿಲು ಮೆಟ್ಟಿಲಾಗಿ ಕಡಿಮೆ ಮಾಡಬೇಕು. ಮಣ್ಣು ಸ್ವಲ್ಪ ಒಣಗಿದಾಗ ಗಿಡದೊಳಗೆ ಅಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನ್ ಹೆಚ್ಚುತ್ತದೆ, ರಂಧ್ರ ಮುಚ್ಚಿ ಅಂತ ಎಲೆಗೆ ಹೇಳುವುದು ಅದೇ. ಯಾವಾಗಲೂ ಪೂರ್ತಿ ಹಸಿ ಇದ್ದ ಚೀಲದ ಗಿಡಕ್ಕೆ ಆ ಅಭ್ಯಾಸ ಆಗುವುದಿಲ್ಲ. ಮೂರನೇ ಕೋಣೆಯಲ್ಲಿ ಚೀಲ ಎತ್ತಿ ನೋಡಿ, ಹಗುರ ಅನ್ನಿಸಿದ ಮೇಲೆಯೇ ನೀರು.

ಒಳಗೆ ಕೆಲಸ ಮಾಡುವವರಿಗೆ

ಈ ಭಾಗ ನಾನು ಮೊದಲು ಬರೆಯಬೇಕು ಅಂದುಕೊಂಡದ್ದಲ್ಲ. ಆದರೆ ಬರೆಯದೆ ಬಿಟ್ಟರೆ ಚಪ್ಪರದ ಅರ್ಧ ವಿಷಯ ಬಿಟ್ಟಂತೆ.

ಲೈನಿನಿಂದ, ಅಂದರೆ ತೋಟದ ಕೆಲಸದವರ ಸಾಲುಮನೆಯಿಂದ, ಬರುವ ಅಕ್ಕ ಒಬ್ಬರು ತುಂಡು ನೆಡುವುದರಲ್ಲಿ ಬಹಳ ಚುರುಕು. ಮೊದಲ ಕೋಣೆಯಿಂದ ಹೊರಗೆ ಬಂದು ಕಲ್ಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

"ಏನಕ್ಕಾ, ಸುಸ್ತಾಯ್ತಾ?"

"ಹೊರಗಿನಷ್ಟು ಬಿಸಿ ಇಲ್ಲ ಅಣ್ಣಾ ಒಳಗೆ. ಆದ್ರೂ ಯಾಕೋ ಎದೆ ಡವಡವ ಅನ್ನುತ್ತೆ. ಬೆವರು ಸುರಿಯುತ್ತೆ, ಮೈ ಮಾತ್ರ ತಣ್ಣಗಾಗಲ್ಲ."

ಅವರು ಹೇಳಿದ್ದು ಅಕ್ಷರಶಃ ಸರಿ. ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಅದು ಆರಿದರೆ ಮಾತ್ರ ತಣ್ಣಗಾಗುವುದು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಯಿಂದ ಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಏನೂ ಪ್ರಯೋಜನವಿಲ್ಲ, ನೀರು ಉಪ್ಪು ಹೋಯ್ತು ಅಷ್ಟೇ. ನಮ್ಮ ಎರಡು ಥರ್ಮಾಮೀಟರ್ ಇದನ್ನೂ ಹೇಳುತ್ತವೆ. ಸೆಕೆಯಲ್ಲಿ ಕೆಲಸ ಮಾಡುವವರ ಚರ್ಮ 35 ಡಿಗ್ರಿ ಇದೆ ಅಂತ ಇಟ್ಟುಕೊಂಡರೆ, ಆ ಮಧ್ಯಾಹ್ನ ಹೊರಗಿನ ಗಾಳಿ ಬೆವರನ್ನು ಎಳೆಯುವ ಬಲ 3.6 ಕಿಲೋಪಾಸ್ಕಲ್, ಕೋಣೆಯೊಳಗೆ 1.9. ಹೆಚ್ಚುಕಡಿಮೆ ಅರ್ಧ. ಅದರ ಮೇಲೆ ಒಳಗೆ ಗಾಳಿಯೇ ಆಡುವುದಿಲ್ಲ. ಗಿಡಕ್ಕೆ ಸುಖವಾದ ಜಾಗ ಮನುಷ್ಯರಿಗೆ ಕಷ್ಟದ್ದು, ಗಿಡಕ್ಕೆ ಕಷ್ಟವಾದ ಹೊರಗಿನ ಒಣಗಾಳಿಯಲ್ಲಿ ನೆರಳು ಸಿಕ್ಕರೆ ಮನುಷ್ಯರು ಆರಾಮ. ಒಂದೇ ಅಳತೆಯನ್ನು ಎರಡು ಕಡೆಯಿಂದಲೂ ಓದಬೇಕು.

ಮೈಯೂ ಒಗ್ಗಿಕೊಳ್ಳುತ್ತದೆ. ದಿನಾ ಸ್ವಲ್ಪ ಹೊತ್ತು ಸೆಕೆಯಲ್ಲಿ ಕೆಲಸ ಮಾಡಿದರೆ ಮೊದಲ ಕೆಲವು ದಿನದಲ್ಲೇ ರಕ್ತದ ನೀರಿನ ಅಂಶ ಹೆಚ್ಚುತ್ತದೆ, ಅದೇ ಕೆಲಸಕ್ಕೆ ಎದೆಬಡಿತ ಕಡಿಮೆ ಸಾಕಾಗುತ್ತದೆ. ಒಂದೆರಡು ವಾರದಲ್ಲಿ ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಆದರೆ ಅದರಲ್ಲಿ ಉಪ್ಪು ಕಡಿಮೆ. ಅಲ್ಡೊಸ್ಟಿರಾನ್ ಅನ್ನುವ ಹಾರ್ಮೋನ್ ಬೆವರುಗ್ರಂಥಿಯಲ್ಲೇ ಉಪ್ಪನ್ನು ವಾಪಸ್ ಹಿಡಿದುಕೊಳ್ಳುವಂತೆ ಮಾಡುತ್ತದೆ. ಎಲೆಗೂ ಮೈಗೂ ಇಲ್ಲೊಂದು ದೊಡ್ಡ ವ್ಯತ್ಯಾಸ ಇದೆ. ಎಲೆ ಬೆಳೆದ ರೀತಿ ಅದರ ಆಯುಸ್ಸಿಗೂ ಹಾಗೇ. ಮೈಯ ಈ ಬದಲಾವಣೆ ಬಿಟ್ಟರೆ ಹೋಗುವಂಥದ್ದು. ಒಂದು ವಾರ ರಜೆ ಮಾಡಿದರೆ ಸ್ವಲ್ಪ ಹೋಗುತ್ತದೆ, ಒಂದು ತಿಂಗಳಾದರೆ ಬಹುಪಾಲು ಹೋಗುತ್ತದೆ. ಹಬ್ಬಕ್ಕೆ ಊರಿಗೆ ಹೋಗಿ ಬಂದವರನ್ನು "ಹಳಬರು ತಾನೇ" ಅಂತ ಮೊದಲ ದಿನವೇ ಪೂರ್ತಿ ಹೊತ್ತು ಒಳಗೆ ಬಿಡಬಾರದು.

ಅಮೆರಿಕದ ಕಾರ್ಮಿಕರ ಆರೋಗ್ಯ ಸಂಸ್ಥೆ ನಿಯೋಶ್ ಇದಕ್ಕೊಂದು ಲೆಕ್ಕ ಕೊಟ್ಟಿದೆ. ಹೊಸಬರಿಗೆ ಮೊದಲ ದಿನ ಸೆಕೆಯ ಕೆಲಸ 20 ಪರ್ಸೆಂಟ್ ಮಾತ್ರ, ಆಮೇಲೆ ದಿನಕ್ಕೆ ಇಪ್ಪತ್ತಿಪ್ಪತ್ತು ಹೆಚ್ಚಿಸುತ್ತಾ ಹೋಗಬೇಕು. ಅನುಭವ ಇದ್ದವರು ಬಿಟ್ಟು ಬಂದಿದ್ದರೆ 50, 60, 80, ನಾಲ್ಕನೇ ದಿನಕ್ಕೆ 100. ನಾವು ಇದನ್ನು ಬೋರ್ಡಿನಲ್ಲಿ ಬರೆದು ಬಾಗಿಲಿಗೆ ನೇತುಹಾಕಿದ್ದೇವೆ. ಗಿಡಕ್ಕೆ ಮೂರು ಕೋಣೆ ಕಟ್ಟಿ, ಗಿಡ ನೆಡುವವರನ್ನು ಮಾತ್ರ ಒಂದೇ ದಿನದಲ್ಲಿ ಒಗ್ಗಿಕೊಳ್ಳಿ ಅನ್ನುವುದು ನ್ಯಾಯವಲ್ಲ.

ಚಪ್ಪರದಲ್ಲೂ ಇದಕ್ಕಾಗಿ ಕೆಲವು ಬದಲಾವಣೆ ಮಾಡಿದೆವು. ಮೊದಲ ಕೋಣೆಗೆ ಎದುರುಬದುರು ಎರಡು ಬಾಗಿಲು, ಕೆಲಸದ ಹೊತ್ತಿನಲ್ಲಿ ಎರಡೂ ತೆರೆದಿರಬೇಕು. ಬಾಗಿಲ ಪಕ್ಕ ಒಂದು ಸ್ವಿಚ್, ಯಾರಾದರೂ ಒಳಗೆ ಇದ್ದರೆ ಫಾಗರ್ ಬಂದ್, 12 ವೋಲ್ಟ್ ಫ್ಯಾನ್ ಆನ್. ಒಳಗಿನ ಕೆಲಸ ಬೆಳಿಗ್ಗೆ ಹತ್ತರೊಳಗೆ ಮುಗಿಸುವುದು. ತುಂಡು ಕತ್ತರಿಸುವುದು, ಚೀಲ ತುಂಬುವುದು ಎಲ್ಲ ಹೊರಗಿನ ನೆರಳಲ್ಲಿ, ಒಳಗೆ ನೆಡುವುದು ಮಾತ್ರ. ಒಬ್ಬರೇ ಒಳಗೆ ಹೋಗುವಂತಿಲ್ಲ. ಉಪ್ಪು ಹಾಕಿದ ಗಂಜಿನೀರು, ಮಜ್ಜಿಗೆ ಬಾಗಿಲಲ್ಲೇ ಇರುತ್ತದೆ. ಯಾರಾದರೂ ತೊದಲಿದರೆ, ತಡವರಿಸಿದರೆ, ಏನೇನೋ ಮಾತಾಡಿದರೆ ಸುಸ್ತು ಅಂತ ಸುಮ್ನೆ ಕೂರಿಸಬೇಡಿ. ತಕ್ಷಣ ನೆರಳಿಗೆ ತಂದು ಮೈ ಮೇಲೆ ನೀರು ಸುರಿದು ಗಾಳಿ ಬೀಸುತ್ತಾ ಆಸ್ಪತ್ರೆಗೆ ಹೊರಡಿ. ಅದು ಜೀವಕ್ಕೆ ಬರುವಂಥದ್ದು.

ಎರಡನೇ ವಾರಕ್ಕೆ ಅಕ್ಕನೇ ಹೇಳಿದರು, "ಈಗ ಪರವಾಗಿಲ್ಲ ಅಣ್ಣಾ, ಬೆವರು ಬೇಗ ಬರುತ್ತೆ, ಆದ್ರೆ ಎದೆ ಹೊಡ್ಕೊಳ್ಳಲ್ಲ." ಬಾಗಿಲು, ಫ್ಯಾನ್ ಎಷ್ಟು ಕೆಲಸ ಮಾಡಿತು, ಮೈ ಎಷ್ಟು ಒಗ್ಗಿತು ಅಂತ ಬೇರೆ ಮಾಡಿ ಹೇಳಲು ಆಗಲ್ಲ. ಎರಡೂ ಬೇಕು.

ಮಳೆ ಬಂದ ಮೇಲೆ

ಜೂನ್‌ನಲ್ಲಿ ನೆಡುವಾಗ ಗಾಳಿಯೆಲ್ಲ ತೇವ, ಆಕಾಶವೆಲ್ಲ ಮೋಡ, ಮತ್ತೆ ಒಗ್ಗಿಸುವುದು ಯಾಕೆ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಪೂರ್ವಕ್ಕೆ ಬಂದಂತೆ ಅದು ಕಡಿಮೆಯಾಗುತ್ತಾ ಹೋಗುತ್ತದೆ, ಬಿಡುವೂ ಜಾಸ್ತಿ. ಮಳೆಗಾಲದ ನಡುವೆ ನಾಲ್ಕು ದಿನ ಬಿಸಿಲು ಕಾಯ್ದರೆ, ಅದೂ ಆಗಸ್ಟ್‌ನಲ್ಲಿ ಸೂರ್ಯ ಎರಡನೇ ಸಲ ನೆತ್ತಿಗೆ ಬರುವ ಹೊತ್ತಿನಲ್ಲಿ ಕಾಯ್ದರೆ, ಮೊದಲ ಕೋಣೆಯ ಮೆತ್ತನೆ ಎಲೆ ತಡೆಯುವುದಿಲ್ಲ. ಮುಂಗಾರು ತಡವಾದ ವರ್ಷ ಗಿಡಗಳು ಮಳೆ ಬರುವ ತನಕ ಹೊರಗೇ ಕಾಯಬೇಕು. ಮಳೆ ಬಿಟ್ಟ ಮೇಲೆ ಅಕ್ಟೋಬರ್ ಬಿಸಿಲು ಬೇರೆ ಇದೆ.

ಮಳೆ ಹಿಡಿದ ಕೂಡಲೇ ಎರಡನೇ ಕೋಣೆಯ ಪಾಲಿಥಿನ್ ಪೂರ್ತಿ ಎತ್ತಿ ಕಟ್ಟುತ್ತೇವೆ, ಫಾಗರ್ ಪಂಪ್ ಬಿಚ್ಚಿ ಒಳಗಿಡುತ್ತೇವೆ. ಗಾಳಿಯಾಡದಿದ್ದರೆ ಎಲೆಕೊಳೆ. ಮೇಲಿನ 75ರ ಬಲೆಯನ್ನೂ ತೆಗೆಯಬೇಕು, ಮೋಡದ ಬೆಳಕಿಗೆ ಅದು ತೀರಾ ಜಾಸ್ತಿ.

ಕಾಫಿ ಸಸಿ ಮಾಡುವವರಿಗೆ ಒಂದು ಮಾತು. ಬೀಜದಿಂದ ಮಾಡುವುದಾದರೆ ಫಾಗರ್ ಕೋಣೆ ಬೇಡ. ಬಟನ್ ಅಥವಾ ಟೋಪಿ ಹಂತದಲ್ಲಿ, ಅಂದರೆ ಮೊದಲ ಎಲೆ ಬಿಚ್ಚುವ ಮುಂಚೆ, ಕಿತ್ತ ಸಸಿಗೆ ಬೇರು ಇದ್ದೇ ಇರುತ್ತದೆ, ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳಿನ ಚೀಲಕ್ಕೆ ಹಾಕಿ ನೇರ ಎರಡನೇ ಕೋಣೆಗೆ ತಂದರೆ ಸಾಕು. ರೊಬಸ್ಟಾವನ್ನು ತುಂಡಿನಿಂದ ಮಾಡುವುದಾದರೆ ಮಾತ್ರ ಮೂರೂ ಕೋಣೆ ಬೇಕು. ಆಗ ನೆಟ್ಟಗೆ ಬೆಳೆಯುವ ಚಿಗುರಿನಿಂದಲೇ ತುಂಡು ತೆಗೆಯಿರಿ, ಅಡ್ಡ ರೆಂಬೆಯ ತುಂಡು ಗಿಡವಾದರೂ ಅಡ್ಡಡ್ಡವೇ ಬೆಳೆಯುತ್ತದೆ.